ಟಪ್ ಟಪ್ ಸದ್ದಿನ ಹಿಂದಿನ ಕಥೆ

ಕಳೆದ ಸಲ ಊರಿಗೆ ಹೋದಾಗ, ನಮ್ಮ ರೇಡಿಯೋಗೆಂದು ಹಾಸನದ ದೊಡ್ಡಮ್ಮನ ಮಾತನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವರಿಗೆ 82 ವರ್ಷ. ತಮ್ಮ ಮದುವೆಯಲ್ಲಿ ಹೆಂಗಸರು ಹಾಡಿದ ಸೋಬಾನೆ ಪದಗಳನ್ನು ನೆನಪಿಸಿಕೊಂಡು ಮುಕ್ಕಾಲು ಗಂಟೆ ಹೇಳಿದರು. ಸಿಂಗಪುರಕ್ಕೆ ಬಂದು ಹಾಕಿ ಕೇಳಿದರೆ ನಡುನಡುವೆ ಟಪ್, ಟಪ್. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಕೆಲವು ಕಡೆ ಅರ್ಧ ಅಕ್ಷರವೇ ಇಲ್ಲ.

ತಮಾಷೆ ಎಂದರೆ, ಈ ಸದ್ದಿನ ಹಳೆಯ ಕಥೆ ನಡೆದದ್ದೂ ನಾವಿರುವ ಇದೇ ಊರಿನಲ್ಲಿ.

ಮೊದಲ ಪಿಸಿಗಳಿಗೆ ಬಾಯಿ ಇತ್ತು, ಮಾತು ಇರಲಿಲ್ಲ. ಒಳಗಿನ ಪುಟ್ಟ ಸ್ಪೀಕರ್ ‘ಬೀಪ್’ ಎನ್ನುವುದಕ್ಕೇ ಲಾಯಕ್ಕು. 1987ರಲ್ಲಿ ಕೆನಡಾದ ಆಡ್‌ಲಿಬ್ ಕಂಪನಿ ಯಮಹಾ ಚಿಪ್ ಕೂರಿಸಿದ ಕಾರ್ಡ್ ತಂದಿತು. ಅದು ಸಂಗೀತ ನುಡಿಸುತ್ತಿತ್ತು, ಆದರೆ ಮನುಷ್ಯರ ಧ್ವನಿ ಅದರ ಕೆಲಸವಲ್ಲ. ಆ ಹೊತ್ತಿಗೆ ಇಲ್ಲಿ ಸಿಮ್ ವಾಂಗ್ ಹೂ ಎಂಬುವವರು ಅದೇ ಹಾದಿಯಲ್ಲಿದ್ದರು. ನ್ಗೀ ಆನ್ ಪಾಲಿಟೆಕ್ನಿಕ್‌ನಲ್ಲಿ ಓದಿದವರು. 1981ರಲ್ಲಿ ಚೈನಾಟೌನ್‌ನ ಪರ್ಲ್ಸ್ ಸೆಂಟರಿನಲ್ಲಿ ಗೆಳೆಯರೊಬ್ಬರ ಜೊತೆ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದಿದ್ದರು. (ಆ ಕಟ್ಟಡ ಈಗಿಲ್ಲ, ಮೆಟ್ರೋ ಕೆಲಸಕ್ಕೆ ಹೋಯಿತು.) ಆ ಅಂಗಡಿಯೇ ಕ್ರಿಯೇಟಿವ್ ಟೆಕ್ನಾಲಜಿ ಆಯಿತು. 1989ರಲ್ಲಿ ಅವರು ಸೌಂಡ್ ಬ್ಲಾಸ್ಟರ್ ತಂದರು. ಆಡ್‌ಲಿಬ್‌ನ ಯಮಹಾ ಚಿಪ್ ಅದರಲ್ಲೂ ಇತ್ತು, ಜೊತೆಗೆ ಮೈಕಿನಿಂದ ಧ್ವನಿ ತುಂಬಿಕೊಂಡು ಮತ್ತೆ ನುಡಿಸುವ ಸೌಲಭ್ಯವೂ ಇತ್ತು. ನಿಮ್ಮ ಅಪ್ಪ ಅಮ್ಮ ಆ ಕಾಲದಲ್ಲಿ ಗೇಮ್ ಆಡಿದ್ದರೆ ಈ ಹೆಸರು ಕೇಳಿಯೇ ಇರುತ್ತಾರೆ.

ಆದರೆ ಆ ಮೊದಲ ಕಾರ್ಡಿಗೆ ಒಂದು ಕಾಟವಿತ್ತು. ಉದ್ದನೆಯ ಧ್ವನಿ ನುಡಿಸುವಾಗ ನಡುವೆ ‘ಟಪ್’ ಎನ್ನುತ್ತಿತ್ತು. ಯಾಕೆ ಗೊತ್ತೇ? ಮದುವೆ ಮನೆಯ ಪಂಕ್ತಿಯನ್ನು ನೆನೆಸಿಕೊಳ್ಳಿ. ಹುಳಿ ಬಡಿಸುವವರ ಕೈಯಲ್ಲಿ ಒಂದೇ ಬಕೆಟ್. ಅದು ಮುಗಿದಾಗ ಅಡುಗೆಮನೆಗೆ ಓಡಬೇಕು, ತುಂಬಿಸಿಕೊಂಡು ಬರುವ ತನಕ ಎಲೆ ಮುಂದೆ ಕೂತವರು ಕಾಯಬೇಕು. ಸೌಂಡ್ ಬ್ಲಾಸ್ಟರ್ ಕೂಡ ಒಂದು ಕಂತು ಧ್ವನಿ ಮುಗಿದ ಮೇಲೆ ಪ್ರೊಸೆಸರನ್ನು ಕರೆಯುತ್ತಿತ್ತು. ಪ್ರೊಸೆಸರ್ ಬಂದು ಮುಂದಿನ ಕಂತು ಶುರು ಮಾಡಿಸಬೇಕು. ಆ ಕ್ಷಣದ ಅಂತರದಲ್ಲಿ ಧ್ವನಿಯ ಅಲೆ ತುಂಡಾಗುತ್ತಿತ್ತು. ಅಲೆ ಥಟ್ಟನೆ ಕಡಿದರೆ ನಮ್ಮ ಕಿವಿಗೆ ಕೇಳುವುದು ‘ಟಪ್’.

1991ರ ಸೌಂಡ್ ಬ್ಲಾಸ್ಟರ್ 2.0 ಇದಕ್ಕೆ ಮದ್ದು ತಂದಿತು. ಕಾರ್ಡ್ ನಿಲ್ಲದೆ ಒಂದೇ ಜಾಗವನ್ನು ಸುತ್ತಿ ಸುತ್ತಿ ಓದುತ್ತದೆ. ಅರ್ಧ ಭಾಗ ಓದುತ್ತಿರುವಾಗ ಪ್ರೊಸೆಸರ್ ಇನ್ನರ್ಧ ತುಂಬಿಸಿಡುತ್ತದೆ. ಅಂದರೆ ಎರಡು ಬಕೆಟ್. ಇಷ್ಟು ಸರಳ ಉಪಾಯ ಎರಡು ವರ್ಷ ಯಾಕೆ ತಡೆಯಿತೋ!

‘ಸರ್’ ಎನ್ನುವ ಸದ್ದು ಬೇರೆ ಜಾತಿಯದು. ಮೊದಲ ಕಾರ್ಡಿನದು 8 ಬಿಟ್ ಧ್ವನಿ, ಎಂದರೆ ಏರಿಳಿತಕ್ಕೆ 256 ಮೆಟ್ಟಿಲು ಮಾತ್ರ, ಹಾಗಾಗಿ ಒರಟು. 1992ರ ಸೌಂಡ್ ಬ್ಲಾಸ್ಟರ್ 16ರಲ್ಲಿ 65,536 ಮೆಟ್ಟಿಲು. ಆದರೂ ಡಬ್ಬಿಯೊಳಗಿನ ಫ್ಯಾನು, ಡಿಸ್ಕುಗಳ ವಿದ್ಯುತ್ ಗದ್ದಲ ಕಾರ್ಡಿಗೆ ನುಸುಳುತ್ತಲೇ ಇತ್ತು. 1997ರಲ್ಲಿ ಇಂಟೆಲ್ ರೂಪಿಸಿದ ಎಸಿ 97 ಪದ್ಧತಿ, ಧ್ವನಿಯ ಸೂಕ್ಷ್ಮ ಭಾಗವನ್ನು ಬೇರೆ ಚಿಪ್ಪಿಗೆ ಹಾಕಿ ಗದ್ದಲದಿಂದ ದೂರ ಇಡುವ ದಾರಿ ಮಾಡಿತು.

ಈಗ ದೊಡ್ಡಮ್ಮನ ರೆಕಾರ್ಡಿಂಗಿಗೆ ಬರೋಣ. ಮೊದಲು ಅದೇ ಫೈಲನ್ನು ಫೋನಿನಲ್ಲಿ ಹಾಕಿ ಕೇಳಿದೆ. ಬೇರೆ ಬೇರೆ ಕಡೆ ಟಪ್ ಎಂದಿದ್ದರೆ ತಪ್ಪು ನುಡಿಸುವ ಯಂತ್ರದ್ದು, ಫೈಲ್ ಕ್ಷೇಮ. ಆದರೆ ಅದೇ ಅಕ್ಷರಗಳ ಮೇಲೇ ಬಂತು. ಸದ್ದು ಫೈಲಿನೊಳಗೇ ಕೂತಿತ್ತು. ಚಾರ್ಜರಿನ ‘ಗುಂಯ್’ ಆಗಿದ್ದರೆ ಎಡೆಬಿಡದೆ ಕೇಳಬೇಕಿತ್ತು, ಹಾಗೂ ಇರಲಿಲ್ಲ. ಸೆಟ್ಟಿಂಗ್ ತೆರೆದು ನೋಡಿದರೆ, ಬಫರ್ 128 ಸ್ಯಾಂಪಲ್. ಸೆಕೆಂಡಿಗೆ 48,000 ಸ್ಯಾಂಪಲ್ ಬರುವಾಗ ಅದು ಮೂರು ಮಿಲಿಸೆಕೆಂಡಿಗೂ ಕಡಿಮೆ. ಆ ದಿನ ಲ್ಯಾಪ್‌ಟಾಪ್ ಹಿಂದೆ ನೂರಾರು ಫೋಟೋಗಳನ್ನು ಅಪ್‌ಲೋಡ್ ಮಾಡುತ್ತಿತ್ತು. ಪ್ರೊಸೆಸರ್ ಸಮಯಕ್ಕೆ ಬಂದು ಧ್ವನಿ ಎತ್ತಿಕೊಳ್ಳಲಿಲ್ಲ. ಬಕೆಟ್ ತುಂಬಿ ಚೆಲ್ಲಿತು, ಅಷ್ಟೇ. ಬಫರ್ 1024ಕ್ಕೆ ಏರಿಸಿ, ಅಪ್‌ಲೋಡ್ ನಿಲ್ಲಿಸಿ, ಅರ್ಧ ಗಂಟೆ ನಾನೇ ಪೇಪರ್ ಓದಿ ರೆಕಾರ್ಡ್ ಮಾಡಿ ನೋಡಿದೆ. ಒಂದೂ ಟಪ್ ಇಲ್ಲ.

ಹೋದ ಅಕ್ಷರ ಮಾತ್ರ ಹೋದವೇ. ಟಪ್ ಸದ್ದನ್ನು ಅಳಿಸಬಹುದು, ಅಲ್ಲಿದ್ದ ಮಾತನ್ನು ಯಾವ ಸಾಫ್ಟ್‌ವೇರೂ ದೊಡ್ಡಮ್ಮನ ಬಾಯಿಂದ ತಂದುಕೊಡುವುದಿಲ್ಲ. ಅಳುಕುತ್ತಲೇ ಫೋನ್ ಮಾಡಿ ಹೇಳಿದೆ.

“ಅಷ್ಟ್ ಹೊತ್ತು ಹೇಳಿದ್ದೆಲ್ಲಾ ಹಾಳಾಯ್ತೇನೋ?” ಎಂದರು.

“ಎಲ್ಲಾ ಅಲ್ಲ ದೊಡ್ಡಮ್ಮ, ಅಲ್ಲಲ್ಲಿ.”

“ಹಂಗಾದ್ರೆ ಡಿಸೆಂಬರಿಗೆ ಬಾ. ನೀನು ಹೋದ್ಮೇಲೆ ಇನ್ನೂ ಎರಡು ಪದ ನೆನಪಾದ್ವು.”