ಮನಸ್ಸಿನಲ್ಲಿ ಕಟ್ಟಿದ ತಂಡ: ಚಪಳಗಾಂವದಿಂದ ಒಂದು ಚರಿತ್ರೆ

ಗಡಿನಾಡಿನ ಇತಿಹಾಸವೆಂದರೆ ಶಾಸನ, ಕೋಟೆ, ದೇವಸ್ಥಾನ, ಇಲ್ಲವೇ 1956ರ ನವೆಂಬರ್ 1 ಎಂಬುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ನಾನು ಬರೆಯಹೊರಟಿರುವುದು ಅವುಗಳಲ್ಲಿ ಯಾವುದೂ ಅಲ್ಲ. ಮೈದಾನಕ್ಕೆ ಇಳಿಯದೆ, ಬೆವರು ಸುರಿಸದೆ, ಮನಸ್ಸಿನಲ್ಲೇ ಒಂದು ತಂಡ ಕಟ್ಟಿ ಅದರ ಸೋಲು ಗೆಲುವಿಗೆ ನಿದ್ದೆ ಕೆಡಿಸಿಕೊಳ್ಳುವ ಆಟವೊಂದರ ಚರಿತ್ರೆ ಇದು. ಜಗತ್ತು ಇದನ್ನು ಫ್ಯಾಂಟಸಿ ಆಟ ಎಂದು ಕರೆಯುತ್ತದೆ. ನಮ್ಮ ಕಡೆಯ ಹುಡುಗರು ‘ಟೀಮ್ ಹಚ್ಚೂದು’ ಎನ್ನುತ್ತಾರೆ.

‘ನಮ್ಮ ಕಡೆ’ ಎಂದರೆ ಚಪಳಗಾಂವ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟ ತಾಲೂಕು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಕಾಸರಗೋಡಿನ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕನ್ನಡ ಸಾಹಿತ್ಯ ಸಮ್ಮೇಳನ 1948ರಲ್ಲಿ ನಿಮ್ಮೂರಿನಲ್ಲಿ ಆಯಿತು, 1950ರಲ್ಲಿ ಸೊಲ್ಲಾಪುರದಲ್ಲಿ ಆಯಿತು. ಆರೇ ವರ್ಷಗಳಲ್ಲಿ ಎರಡೂ ಊರುಗಳು ಬೇರೆ ಬೇರೆ ರಾಜ್ಯಗಳ ಪಾಲಾದವು. 1967ರ ಮಹಾಜನ ವರದಿ ಅಕ್ಕಲಕೋಟವನ್ನೂ ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ಮೈಸೂರು ರಾಜ್ಯಕ್ಕೆ ಕೊಡಬೇಕೆಂದಿತು, ಕೊಡಲಿಲ್ಲ. ಈ ಮಾತನ್ನು ಇಲ್ಲಿಗೆ ಬಿಡುತ್ತೇನೆ. ಆದರೆ ಮುಂದೆ ಆಟದ ಕಥೆಯಲ್ಲಿಯೂ ರಾಜ್ಯದ ಗೆರೆ ಅಡ್ಡ ಬರಲಿದೆ ಎಂಬುದು ನೆನಪಿರಲಿ.

ಈ ಆಟ ಹುಟ್ಟಿದ್ದು 1962ರಲ್ಲಿ, ಅಮೆರಿಕದಲ್ಲಿ. ಓಕ್ಲೆಂಡ್ ರೇಡರ್ಸ್ ಎಂಬ ಫುಟ್‌ಬಾಲ್ ತಂಡದ ಪಾಲುದಾರರಲ್ಲಿ ಒಬ್ಬನಾದ ಬಿಲ್ ವಿಂಕೆನ್‌ಬಾಕ್ ತಂಡದೊಂದಿಗೆ ನ್ಯೂಯಾರ್ಕಿಗೆ ಹೋಗಿದ್ದಾಗ, ಹೋಟೆಲಿನಲ್ಲಿ ಪತ್ರಕರ್ತ ಸ್ಕಾಟಿ ಸ್ಟರ್ಲಿಂಗ್ ಮುಂತಾದವರ ಜೊತೆ ಕೂತು ಇದರ ನಿಯಮ ಬರೆದ. ಅವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಉದ್ದನೆಯ ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂಥದು. ಮುಂದಿನ ವರ್ಷ ಅವನ ಮನೆಯ ನೆಲಮಾಳಿಗೆಯಲ್ಲಿ ಎಂಟು ತಂಡಗಳ ಧಣಿಗಳು ಸೇರಿ, ಬೇರೆ ಬೇರೆ ಕ್ಲಬ್ಬುಗಳ ನಿಜವಾದ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಂಡರು. ಆ ಆಟಗಾರರು ಭಾನುವಾರ ಮೈದಾನದಲ್ಲಿ ಮಾಡಿದ್ದೆಲ್ಲ ಸೋಮವಾರ ಇವರ ಕಾಗದದಲ್ಲಿ ಅಂಕವಾಗುತ್ತಿತ್ತು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರ ನ್ಯೂಯಾರ್ಕಿನ ಒಂದು ಫ್ರೆಂಚ್ ಊಟದಂಗಡಿಯಲ್ಲಿ ಗೆಳೆಯರನ್ನು ಕೂಡಿಸಿ ಬೇಸ್‌ಬಾಲಿಗೂ ಇದನ್ನು ಹಚ್ಚಿದ. ಇಂಗ್ಲೆಂಡಿನ ಕಾಲ್ಚೆಂಡಿಗೆ 1991ರಲ್ಲಿ ಆಂಡ್ರ್ಯೂ ವೈನ್‌ಸ್ಟೈನ್ ಇದನ್ನು ತಂದ. ಅಲ್ಲಿನ ಪ್ರೀಮಿಯರ್ ಲೀಗ್ 2002ರಲ್ಲಿ ತಾನೇ ಒಂದು ಉಚಿತ ಆಟ ಆರಂಭಿಸಿತು. ಇಂದು ಅದರಲ್ಲಿ ಒಂದು ಕೋಟಿಗೂ ಹೆಚ್ಚು ಜನ ತಂಡ ಕಟ್ಟುತ್ತಾರೆ.

ಅದರ ನಿಯಮ ಸರಳ. ಕಲ್ಪನೆಯ ಹತ್ತು ಕೋಟಿ ಪೌಂಡು ಕೈಯಲ್ಲಿ ಕೊಡುತ್ತಾರೆ. ಹದಿನೈದು ಆಟಗಾರರನ್ನು ಕೊಳ್ಳಬೇಕು, ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಕೂಡದು. ವಾರವಾರವೂ ಹನ್ನೊಂದು ಜನರನ್ನು ಇಳಿಸಬೇಕು. ನಾಯಕನ ಅಂಕ ದುಪ್ಪಟ್ಟು. ಆಗಸ್ಟ್‌ನಿಂದ ಮೇ ತನಕ ಹೀಗೆ 38 ಸುತ್ತು. ಆಗಸ್ಟ್‌ನಲ್ಲಿ ಎಲ್ಲರೂ ಆಸೆಯ ಶಿಖರದಲ್ಲಿರುತ್ತಾರೆ. ಡಿಸೆಂಬರ್ ಚಳಿಯಲ್ಲಿ ಮೇಲಿಂದ ಮೇಲೆ ಪಂದ್ಯ ಬಂದು ಅರ್ಧ ತಂಡ ಗಾಯಗೊಂಡು ಕೂರುತ್ತದೆ. ನೀವು ಮಾರಿದ ಆಟಗಾರ ಮರುವಾರವೇ ಮೂರು ಗೋಲು ಹೊಡೆಯುತ್ತಾನೆ. ಮಾರ್ಚ್ ಹೊತ್ತಿಗೆ ಬೇಸತ್ತು ಮರೆತುಬಿಟ್ಟವರು ಎಷ್ಟೋ. ಆದರೆ ಕೆಟ್ಟ ವಾರದ ನಂತರ ಇನ್ನೊಂದು ವಾರ ಇದ್ದೇ ಇರುತ್ತದೆ. ಬೆಳೆಯಂತೆ ಈ ಆಟಕ್ಕೂ ಒಂದು ಹಂಗಾಮು ಇದೆ. ದುಃಖಕ್ಕೂ ಮಾಗಲು ಸಮಯ ಸಿಗುತ್ತದೆ. ನನ್ನ ಮಟ್ಟಿಗೆ ಇದರ ಒಳ್ಳೆಯ ಗುಣವೆಲ್ಲ ಈ ಹಂಗಾಮಿನಲ್ಲಿದೆ.

ಕಾಲ್ಚೆಂಡಿನ ಹುಚ್ಚು ನಿಮ್ಮ ತೃಕ್ಕರಿಪುರದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. 2016ರ ಡಿಸೆಂಬರ್ 18ರಂದು ಕೊಚ್ಚಿಯ ಅಂತಿಮ ಪಂದ್ಯದಲ್ಲಿ ತೃಕ್ಕರಿಪುರದ ಮೊಹಮ್ಮದ್ ರಫಿ ತಲೆಯಿಂದ ಹೊಡೆದ ಗೋಲು ಯಾರಿಗೆ ಮರೆತೀತು? ಕೇರಳ ಬ್ಲಾಸ್ಟರ್ಸ್ ಕೊನೆಗೆ ಪೆನಾಲ್ಟಿಯಲ್ಲಿ ಸೋತಿತು. ಕಾಗದದ ತಂಡದಲ್ಲಿ ರಫಿಯನ್ನು ಇಟ್ಟುಕೊಂಡಿದ್ದವನಿಗೆ ಅಂಕ ಬಂದಿರಬೇಕು. ಅವನು ಕೇರಳದವನಾಗಿದ್ದರೆ ಆ ಅಂಕವನ್ನು ಇಟ್ಟುಕೊಂಡು ಏನು ಮಾಡಬೇಕಾಗಿತ್ತು?

ನಮ್ಮ ಕಡೆ ಕ್ರಿಕೆಟ್. 2000ರ ದಶಕದ ಆರಂಭದಲ್ಲಿ ಒಂದು ಕ್ರೀಡಾ ಚಾನೆಲ್ಲು ‘ಸೂಪರ್ ಸೆಲೆಕ್ಟರ್’ ಎಂಬ ಹೆಸರಿನಲ್ಲಿ ಇದನ್ನು ಭಾರತಕ್ಕೆ ಪರಿಚಯಿಸಿತು. 2008ರಲ್ಲಿ ಐಪಿಎಲ್ ಹುಟ್ಟಿದ ವರ್ಷವೇ ಹರ್ಷ್ ಜೈನ್ ಮತ್ತು ಭಾವಿತ್ ಶೇಠ್ ಮುಂಬೈಯಲ್ಲಿ ಡ್ರೀಮ್11 ಆರಂಭಿಸಿದರು. ಮೊದಲು ಅದೂ ಪೂರ್ತಿ ಹಂಗಾಮಿನ ಉಚಿತ ಆಟವೇ, ಅದು ನಡೆಯಲಿಲ್ಲ. 2012ರಲ್ಲಿ ಅವರು ಎರಡು ಬದಲಾವಣೆ ಮಾಡಿದರು. ಆಟವನ್ನು ಒಂದೇ ಪಂದ್ಯಕ್ಕೆ ಇಳಿಸಿದರು ಮತ್ತು ಪ್ರವೇಶಕ್ಕೆ ಹಣ ಇಟ್ಟರು. ಅಮೆರಿಕದಲ್ಲೂ 2009ರಿಂದ ಇದೇ ಹಾದಿ ಹಿಡಿದ ಕಂಪನಿಗಳಿದ್ದವು. ಈ ಆಟದ ಇತಿಹಾಸದಲ್ಲಿ ದೊಡ್ಡ ತಿರುವು ಇದೇ ಎಂದು ನಾನು ತಿಳಿದಿದ್ದೇನೆ. ತಿಂಗಳುಗಟ್ಟಲೆಯ ಹಂಗಾಮು ಒಂದು ಸಂಜೆಯಾಯಿತು. ಎಂಟು ಜನ ಗೆಳೆಯರ ಜಾಗದಲ್ಲಿ ಮುಖ ಕಾಣದ ಲಕ್ಷಾಂತರ ಜನ ಬಂದರು. 2020ರಲ್ಲಿ ಕಂಪನಿ 222 ಕೋಟಿ ರೂಪಾಯಿ ಕೊಟ್ಟು ಐಪಿಎಲ್‌ನ ಹೆಸರಿನೊಂದಿಗೆ ತನ್ನ ಹೆಸರು ಸೇರಿಸಿತು. 2023ರಲ್ಲಿ ಭಾರತ ತಂಡದ ಅಂಗಿಯ ಎದೆಯ ಮೇಲೂ ಅದೇ ಹೆಸರು ಬಂತು.

ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನನಗೆ ಈ ತಿರುವು ಕಂಡದ್ದು ಪಾಸ್‌ಬುಕ್ಕಿನಲ್ಲಿ. ಏಪ್ರಿಲ್ ಬಂತೆಂದರೆ ಪಾಸ್‌ಬುಕ್ ಮುದ್ರಿಸುವ ಯಂತ್ರ ನಿಲ್ಲದೆ ಕಿರಗುಟ್ಟುತ್ತಿತ್ತು. ಒಬ್ಬ ರೈತರು, ಹೆಸರು ಹೇಳುವ ಹಾಗಿಲ್ಲ, ತೊಗರಿ ಮಾರಿದ ಹಣ ಇಟ್ಟಿದ್ದ ಖಾತೆಯ ಪುಸ್ತಕ ತಂದು, “ಸಾಹೇಬ್ರ, ಈ ನಲವತ್ತೊಂಬತ್ತು ರೂಪಾಯಿ ದಿನಾ ಯಾರಿಗಿ ಹೋಗ್ತಾವ್ರಿ?” ಎಂದು ಕೇಳಿದರು. ಪುಟ ತುಂಬ 49, 49, 49. ಎರಡು ತಿಂಗಳಿಗೆ 180 ನಮೂದು. ಒಟ್ಟು 8,820 ರೂಪಾಯಿ. ವಾಪಸು ಬಂದದ್ದು ಎರಡು ಸಲ, ಅದೂ ಚಿಲ್ಲರೆ. ಖಾತೆ ಅವರದು, ಮೊಬೈಲು ಮಗನದು. “ಆಟ ಆಡ್ಯಾನ್ರಿ” ಎಂದೆ. “ಎಲ್ಲಿ ಆಡ್ಯಾನ? ಮನ್ಯಾಗ ಕಟ್ಟಿ ಮ್ಯಾಲ ಕುಂತಿರ್ತಾನ” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಆ ಸಂಜೆಯ ಏರಿಳಿತ ಹೇಗಿರುತ್ತಿತ್ತೆಂದು ಕಟ್ಟೆಯ ಹುಡುಗರ ಪಕ್ಕ ಕೂತು ನೋಡಿದ್ದೇನೆ. ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಟಾಸ್. ಯಾರು ಆಡುತ್ತಾರೆಂದು ಆಗಲೇ ಗೊತ್ತಾಗುವುದು. ಆ ಅರ್ಧ ಗಂಟೆಯಲ್ಲಿ ಕರೆದರೆ ಯಾರೂ ಓಗೊಡರು. ನೂರು ಕ್ರೆಡಿಟ್ಟಿನಲ್ಲಿ ಎರಡೂ ತಂಡಗಳಿಂದ ಹನ್ನೊಂದು ಜನ. ನಾಯಕನಿಗೆ ಎರಡು ಪಟ್ಟು, ಉಪನಾಯಕನಿಗೆ ಒಂದೂವರೆ ಪಟ್ಟು. ಆಮೇಲೆ ಒಂದೊಂದು ಎಸೆತಕ್ಕೂ ಸ್ಥಾನ ಸಾವಿರಗಟ್ಟಲೆ ಮೇಲೆ ಕೆಳಗೆ. ಊರಿನ ಅಭಿಮಾನ ಇಲ್ಲಿ ಉಳಿಯುವುದು ಕಷ್ಟ. ಸೊಲ್ಲಾಪುರದ ಹುಡುಗ ಅರ್ಶಿನ್ ಕುಲಕರ್ಣಿ 2024ರ ಏಪ್ರಿಲ್ 30ರಂದು ಲಖನೌ ಪರವಾಗಿ ಮುಂಬೈ ವಿರುದ್ಧ ಮೊದಲ ಪಂದ್ಯ ಆಡಿದ. ಹತ್ತೊಂಬತ್ತರ ಪ್ರಾಯ, ಕೆಲವೇ ತಿಂಗಳ ಹಿಂದೆ ಕಿರಿಯರ ವಿಶ್ವಕಪ್ಪಿನಲ್ಲಿ ಶತಕ ಹೊಡೆದಿದ್ದವ. ಜಿಲ್ಲೆಯ ಹುಡುಗನೆಂದು ನಮ್ಮ ಕಟ್ಟೆಯವರು ಅವನನ್ನು ಹಚ್ಚಿದರು. ಎದುರಿಸಿದ ಮೊದಲ ಎಸೆತಕ್ಕೇ ಔಟ್. ಸೊನ್ನೆಗೆ ಎರಡು ಅಂಕ ಕಡಿತ. ಒಬ್ಬ ಹುಡುಗ ಅರ್ಶಿನ್‌ನನ್ನು ಬೈದ, ಇನ್ನೊಬ್ಬ ಬೈದವನನ್ನು ಬೈದ. ಮೊದಲ ಪಂದ್ಯಕ್ಕೆ ಇಳಿದ ಹುಡುಗನ ಎದೆ ಹೇಗೆ ಒಡೆದಿರಬಹುದೆಂದು ಯೋಚಿಸುವ ವ್ಯವಧಾನ ಯಾರಿಗೂ ಇರಲಿಲ್ಲ.

ನಿಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ವಿಷಯವೂ ಹೀಗೆಯೇ. 2021ರ ಜನವರಿ 13ರಂದು ವಾಂಖೆಡೆಯಲ್ಲಿ ಮುಂಬೈ ವಿರುದ್ಧ 37 ಎಸೆತಕ್ಕೆ ಶತಕ, 54 ಎಸೆತಕ್ಕೆ ಅಜೇಯ 137. ಮರುತಿಂಗಳೇ ಬೆಂಗಳೂರು ತಂಡ 20 ಲಕ್ಷಕ್ಕೆ ಕೊಂಡಿತು. ಕಾಸರಗೋಡಿನವನು ಬೆಂಗಳೂರಿಗೆ ಬಂದನಲ್ಲ ಎಂದು ಇಲ್ಲಿ ಕುಳಿತ ನನಗೂ ಏನೋ ಹಿಗ್ಗು. ಆದರೆ ಆ ವರ್ಷ ಒಂದು ಪಂದ್ಯದಲ್ಲೂ ಇಳಿಸಲಿಲ್ಲ. ಆಡದವನಿಗೆ ಈ ಆಟದಲ್ಲಿ ಅಂಕವೇ ಇಲ್ಲ, ಅವನನ್ನು ಹಚ್ಚುವವರೂ ಇಲ್ಲ. 2025ರ ಫೆಬ್ರವರಿಯಲ್ಲಿ ರಣಜಿ ಸೆಮಿಫೈನಲ್ಲಿನಲ್ಲಿ ಅದೇ ಅಜರುದ್ದೀನ್ ಗುಜರಾತಿನ ಎದುರು ಅಜೇಯ 177 ಹೊಡೆದ. ಎರಡೇ ರನ್ನಿನ ಮುನ್ನಡೆಯಿಂದ ಕೇರಳ ಮೊದಲ ಬಾರಿಗೆ ಫೈನಲ್ ಸೇರಿತು. ಆ ಇನಿಂಗ್ಸಿನ ಬೆಲೆ ಐದು ದಿನ ಕಾದು ನೋಡಿದವರಿಗೇ ಗೊತ್ತು.

ಈಗ ರಾಜ್ಯದ ಗೆರೆಯ ಮಾತು. ಕೌಶಲದ ಆಟ ಜೂಜಲ್ಲ ಎಂಬುದು ನಮ್ಮ ನ್ಯಾಯಾಲಯಗಳ ಹಳೆಯ ನಿಲುವು. 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿಗೆ ಈ ಮಾತು ಹೇಳಿತ್ತು. 2017ರಲ್ಲಿ ಪಂಜಾಬ್ ಹರಿಯಾಣ ಹೈಕೋರ್ಟು ಫ್ಯಾಂಟಸಿ ಆಟಕ್ಕೂ ಅದನ್ನೇ ಹೇಳಿತು. ಆದರೆ ಜೂಜು ರಾಜ್ಯಗಳ ವಿಷಯ. ತೆಲಂಗಾಣ ಅದೇ ವರ್ಷ ನಿಷೇಧಿಸಿತು. ಸೊಲ್ಲಾಪುರದ ತೆಲುಗು ನೇಕಾರರ ಮನೆಯ ಹುಡುಗರು ನೆಂಟರೂರಿಗೆ ಹೋದರೆ ಟೀಮ್ ಹಚ್ಚುವಂತಿರಲಿಲ್ಲ. 2021ರ ಅಕ್ಟೋಬರ್ 5ರಂದು ಕರ್ನಾಟಕದ ಕಾನೂನು ಬಂತು. ಡ್ರೀಮ್11 ಅಕ್ಟೋಬರ್ 10ರಂದು ಕರ್ನಾಟಕದಲ್ಲಿ ಬಾಗಿಲು ಹಾಕಿತು. ಮರುದಿನವೇ ಶಾರ್ಜಾದಲ್ಲಿ ಬೆಂಗಳೂರಿನ ಎಲಿಮಿನೇಟರ್ ಪಂದ್ಯ! ನಮ್ಮ ತಾಲೂಕಿನಾಚೆ ಆಳಂದ, ಅಫಜಲಪುರ, ಇಂಡಿ ತಾಲೂಕುಗಳು ಕರ್ನಾಟಕದವು. ಗಾಣಗಾಪುರದ ಕಡೆ ಇದ್ದ ಸೋದರಮಾವನ ಮಗ ಇಲ್ಲಿಯ ಅಳಿಯನಿಗೆ ಫೋನು ಮಾಡಿ ತನ್ನ ಹನ್ನೊಂದು ಹೆಸರು ಬರೆಸಿದ್ದನ್ನು ನಾನು ಕೇಳಿದ್ದೇನೆ. ನಿಮ್ಮ ಕಡೆ ತಲಪಾಡಿಯ ಗೆರೆಯ ಎರಡು ಬದಿಗೂ ಆಗ ಇದೇ ಲೆಕ್ಕ. ಭಾಷೆಗಾಗಿ ನಾವು ಕರ್ನಾಟಕದ ಒಳಗೆ ಹೋಗಬೇಕೆಂದು ನಮ್ಮ ಹಿರಿಯರು ಬೇಡಿದರು. ಈ ಹುಡುಗರಿಗೆ ಆ ನಾಲ್ಕು ತಿಂಗಳು ಹೊರಗಿರುವುದೇ ಲಾಭವಾಗಿ ಕಂಡಿತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟು ಆ ಕಾನೂನಿನ ಮುಖ್ಯ ಭಾಗಗಳನ್ನು ಬದಿಗೊತ್ತಿತು. 2023ರಲ್ಲಿ ಗೆದ್ದ ಹಣಕ್ಕೆ ಶೇಕಡ 30 ತೆರಿಗೆ ಕಡಿತವೂ, ಕಟ್ಟಿದ ಹಣಕ್ಕೆ ಶೇಕಡ 28 ಜಿಎಸ್‌ಟಿಯೂ ಬಂದವು. ಹುಡುಗರು ನಿಲ್ಲಲಿಲ್ಲ.

ಇನ್ನು 2025ರ ಜೂನ್ 3. ಬೆಂಗಳೂರು ಹದಿನೆಂಟನೇ ಹಂಗಾಮಿನಲ್ಲಿ ಕೊನೆಗೂ ಫೈನಲ್ಲಿನಲ್ಲಿ ಪಂಜಾಬನ್ನು ಆರು ರನ್ನಿನಿಂದ ಸೋಲಿಸಿದ ರಾತ್ರಿ. ಮುಂಬೈ ಅಭಿಮಾನಿಗಳ ನಡುವೆ ಕನ್ನಡದ ತಂಡವೆಂದು ಬೆಂಗಳೂರನ್ನು ಹಿಡಿದುಕೊಂಡು ಬೆಳೆದ ಒಬ್ಬ ಹುಡುಗ ನಮ್ಮ ಓಣಿಯಲ್ಲಿದ್ದಾನೆ. ಶಾಲೆಯಲ್ಲಿ ಅದಕ್ಕಾಗಿ ನಗೆಗೀಡಾದವನು. ಆ ರಾತ್ರಿ ಅವನ ತಂಡದ ನಾಯಕ ಪಂಜಾಬಿನ ಶ್ರೇಯಸ್ ಅಯ್ಯರ್. ಎರಡು ದಿನ ಹಿಂದೆ ಮುಂಬೈ ಎದುರು 41 ಎಸೆತಕ್ಕೆ 87 ಹೊಡೆದಿದ್ದನಲ್ಲ, ಲೆಕ್ಕ ಸರಿಯೇ ಇತ್ತು. ಶ್ರೇಯಸ್ ಒಂದೇ ರನ್ನಿಗೆ ಔಟಾದ. ಬೆಂಗಳೂರಿನ ಗೆಲುವಿಗೆ ಅದೇ ತಿರುವು. ಓಣಿಯಲ್ಲಿ ಕೂಗು ಎದ್ದಿತು. ಇವನು ಮಾತ್ರ ಮೊಬೈಲು ನೋಡುತ್ತಿದ್ದ. ಕೊನೆಯ ಓವರಿನಲ್ಲಿ ಕೊಹ್ಲಿ ಮೈದಾನದಲ್ಲೇ ಕಣ್ಣೀರಿಟ್ಟ. ಇವನು ನನ್ನ ಕಡೆ ತಿರುಗಿ, “ಕಾಕಾ, ಬೆಂಗಳೂರು ಗೆದ್ದಿತ್ರಿ, ನಾ ಸೋತೆ” ಎಂದ. ಹದಿನೇಳು ವರ್ಷ ಸೋತ ತಂಡದ ಜೊತೆ ಸೋತವನಿಗೆ, ಗೆದ್ದ ದಿನ ಗೆಲ್ಲಲು ಆಗಲಿಲ್ಲ. ನಲವತ್ತೊಂಬತ್ತು ರೂಪಾಯಿಗಿಂತ ದೊಡ್ಡ ನಷ್ಟ ಇದು ಎಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಮರುದಿನ ಚಿನ್ನಸ್ವಾಮಿ ಮೈದಾನದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತ ಸುದ್ದಿ ಬಂದಾಗ ಓಣಿಯ ಕೂಗೆಲ್ಲ ಅಡಗಿತು.

ಆ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನಗಳಲ್ಲಿ ಹೊಸ ಮಸೂದೆ ಒಪ್ಪಿತು. 22ರಂದು ರಾಷ್ಟ್ರಪತಿಗಳ ಅಂಕಿತ. ಕೌಶಲವೋ ಅದೃಷ್ಟವೋ ಎಂಬ ಚರ್ಚೆಯನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟವನ್ನೂ ದೇಶಕ್ಕೆ ದೇಶವೇ ನಿಷೇಧಿಸುವ ಕಾನೂನು ಅದು. ಈ ಸಲ ಗೆರೆಯ ಆಚೆ ಈಚೆ ಎಂಬುದಿಲ್ಲ. 20 ಕೋಟಿಗೂ ಹೆಚ್ಚು ಆಟಗಾರರಿದ್ದಾರೆಂದು ಹೇಳಿಕೊಳ್ಳುತ್ತಿದ್ದ ಡ್ರೀಮ್11 ಹಣದ ಪಂದ್ಯಗಳನ್ನು ನಿಲ್ಲಿಸಿತು. ಸೆಪ್ಟೆಂಬರಿನ ಏಷ್ಯಾ ಕಪ್ಪಿನಲ್ಲಿ ಭಾರತ ಪ್ರಾಯೋಜಕರ ಹೆಸರಿಲ್ಲದ ಅಂಗಿ ತೊಟ್ಟು ಆಡಿತು. ನನ್ನ ಕೌಂಟರಿನಲ್ಲಿ ಯಂತ್ರದ ಕಿರುಗುಟ್ಟುವಿಕೆ ಕಡಿಮೆಯಾಯಿತು. ಹುಡುಗರಿಗೆ ಇದರಿಂದ ಸಂತೋಷವಾಯಿತೆಂದರೆ ಸುಳ್ಳಾದೀತು. ಎರಡು ವಾರ ಕಟ್ಟೆ ಬಿಕೋ ಎನ್ನುತ್ತಿತ್ತು.

ಏಷ್ಯಾ ಕಪ್ ನಡೆಯುವಾಗ ಕಟ್ಟೆಯ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕಂಡಿತು. ಒಂಬತ್ತು ಹುಡುಗರ ಹೆಸರು, ಅವರವರ ಹನ್ನೊಂದು ಜನ, ಪೂರ್ತಿ ಟೂರ್ನಿಗೆ ಒಂದೇ ತಂಡ, ಹಣವಿಲ್ಲ. ಅಂಕ ಬರೆಯುವ ಕೆಲಸ ಶ್ರೇಯಸ್‌ನನ್ನು ನಾಯಕ ಮಾಡಿದ್ದ ಹುಡುಗನದು. ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದ, ಶಾಲೆಯಲ್ಲಿ ಕಲಿತ ಅಕ್ಷರ. ಸೆಪ್ಟೆಂಬರ್ 28ರ ಫೈನಲ್ಲಿಗೆ ಬಹಳ ಜನ ಅಭಿಷೇಕ್ ಶರ್ಮಾನನ್ನು ನಾಯಕ ಮಾಡಿದ್ದರು. ಅವನು ಐದಕ್ಕೆ ಔಟಾದ. ತಿಲಕ್ ವರ್ಮಾ ನಿಂತು 69 ಹೊಡೆದು ಪಾಕಿಸ್ತಾನದ ಎದುರು ಗೆಲ್ಲಿಸಿದ. ಮಧ್ಯರಾತ್ರಿ ದಾಟಿದರೂ ಕಟ್ಟೆಯಲ್ಲಿ ಜಗಳ ನಡೆದೇ ಇತ್ತು, ಒಂದು ಕ್ಯಾಚಿಗೆ ಎಂಟು ಅಂಕವೋ ಹತ್ತೋ ಎಂದು. “ಬ್ಯಾಂಕಿನ ಕಾಕಾನ್ನ ಕೇಳ್ರಿ, ಲೆಕ್ಕ ಅವ್ರಿಗಿ ಗೊತ್ತದ” ಎಂದು ಯಾರೋ ಅಂದರು. ಎಂಟು ಎಂದು ಹೇಳಿ ಒಳಗೆ ಬಂದೆ.