ಹದಿನೈದರಿಂದ ಹದಿನೆಂಟು: ಮುದಿ ಎತ್ತಿನ ಲೆಕ್ಕ ಯಾರ ಪುಸ್ತಕದಲ್ಲಿದೆ?

ಹೋದ ತಿಂಗಳು ಬೆಂಗಳೂರಿನ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದ. ಲೈಕಾಯ್ ಅನ್ನೋ ಬೆಕ್ಕು. ಕಣ್ಣು, ಮೂಗಿನ ಸುತ್ತ ಕೂದಲೇ ಇಲ್ಲ. ಮೈಮೇಲೆ ಅರ್ಧಂಬರ್ಧ ಕೂದಲು. ನೋಡಿದ್ರೆ ಸಣ್ಣ ತೋಳದ ಮರಿ ಥರ. "ಇದನ್ನ ತರಿಸೋಣ ಅಂತಿದೀನಿ, ಎಷ್ಟು ವರ್ಷ ಬದುಕುತ್ತೆ, ವಯಸ್ಸಾದ್ರೆ ಹೇಗೆ ನೋಡ್ಕೋಬೇಕು, ಸ್ವಲ್ಪ ಓದಿ ಹೇಳು ಮಗಾ" ಅಂದ. ಪಾಡ್‌ಕಾಸ್ಟ್ ಮಾಡೋನಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋದು ಅವನ ನಂಬಿಕೆ.

ಓದಿದೆ. ಈ ತಳಿಯ ಕಥೆ ಶುರುವಾಗೋದು 2010ರ ಸುಮಾರಿಗೆ, ಅಮೆರಿಕದ ವರ್ಜೀನಿಯಾ ಮತ್ತು ಟೆನೆಸ್ಸಿಯಲ್ಲಿ. ಸಾಧಾರಣ ಮನೆಬೆಕ್ಕುಗಳಿಗೆ ಹುಟ್ಟಿದ ಮರಿಗಳಲ್ಲಿ ಈ ಲಕ್ಷಣ ಕಾಣಿಸಿತು. ರೋಗವೇನೋ ಅಂತ ಪರೀಕ್ಷೆ ಮಾಡಿದರು, ಅಲ್ಲ ಅಂತ ಗೊತ್ತಾದ ಮೇಲೆ ತಳಿಯಾಗಿ ಬೆಳೆಸಿದರು. ಚಳಿ, ಬಿಸಿಲು ಎರಡರಿಂದಲೂ ಕಾಪಾಡಬೇಕು. ಆಯಸ್ಸು ಹನ್ನೆರಡರಿಂದ ಹದಿನೈದು ವರ್ಷ ಅಂತಾರೆ. ಆದರೆ ಲೆಕ್ಕ ಹಾಕಿ ನೋಡಿ: 2010ರಲ್ಲಿ ಹುಟ್ಟಿದ ತಳಿ. ಅದರ ಮೊದಲ ಪೀಳಿಗೆಗೆ ಈಗ ತಾನೇ ಮುಪ್ಪು ಬಂದಿದೆ. ಒಂದು ತಳಿ ಹೇಗೆ ಮುದಿಯಾಗುತ್ತೆ ಅಂತ ತಿಳಿಯೋಕೆ ತಲೆಮಾರುಗಟ್ಟಲೆ ಯಾರಾದರೂ ಬರೆದಿಡಬೇಕು.

ಹಾಗೆ ಬರೆದಿಟ್ಟ ಪ್ರಾಣಿ ನಮ್ಮ ಕಡೆ ಒಂದಿದೆ. ನಮ್ಮ ಶ್ರೀರಂಗಪಟ್ಟಣದಲ್ಲೇ ಅದರ ಕಡತ ಶುರುವಾದದ್ದು. ಇವತ್ತಿನ ಸಂಚಿಕೆ ಅದರ ಬಗ್ಗೆ. ಬೆಕ್ಕಲ್ಲ, ಎತ್ತು.

ಮೊದಲು ಇತಿಹಾಸ. ವಿಜಯನಗರದ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಅರಸರ ಪ್ರತಿನಿಧಿಗಳ ಹತ್ತಿರ ಒಳ್ಳೆಯ ಹಸುಗಳ ಒಂದು ಮಂದೆ ಇತ್ತು. ಅದು ಒಡೆಯರ ಕೈಗೆ ಬಂತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1672ರಿಂದ 1704ರ ನಡುವೆ, ಅದಕ್ಕೊಂದು ಇಲಾಖೆಯೇ ಆಯಿತು. ಹೆಸರು 'ಬೆಣ್ಣೆ ಚಾವಡಿ'. ಅರಮನೆಗೆ ಹಾಲು, ಬೆಣ್ಣೆ ಒದಗಿಸೋದು ಹೆಸರಿಗೆ. ರಾಜ್ಯದ ತುಂಬ ಹುಲ್ಲುಗಾವಲುಗಳನ್ನ, ಕಾವಲು ಅಂತೀವಲ್ಲ, ಅವನ್ನ ಈ ಮಂದೆಗಳಿಗೆ ಮೀಸಲಿಟ್ಟರು. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ.

ಹೈದರ್ ಅಲಿ ಬಂದಮೇಲೆ ಬೆಣ್ಣೆ ಹಿಂದಕ್ಕೆ ಹೋಯಿತು, ಫಿರಂಗಿ ಮುಂದಕ್ಕೆ ಬಂತು. ಹಳ್ಳಿಕಾರ್ ರಕ್ತದ ಈ ಎತ್ತುಗಳು ನಡಿಗೆಯಲ್ಲಿ ಚುರುಕು. 1781ರಲ್ಲಿ ಹೈದರನ ಸೈನ್ಯ ಚಿದಂಬರಂ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ, ಅಂದರೆ 160 ಕಿಲೋಮೀಟರ್, ಹೋದದ್ದು ಇವುಗಳ ಬಲದಿಂದ ಅಂತ ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತೆ. ಟಿಪ್ಪು ಇಲಾಖೆಯ ಹೆಸರನ್ನ 'ಅಮೃತ್ ಮಹಲ್' ಅಂತ ಬದಲಿಸಿದ. ಮಂದೆಗಳನ್ನ ಹೇಗೆ ನಡೆಸಬೇಕು ಅಂತ ಹುಕುಂನಾಮೆ ಹೊರಡಿಸಿದ.

ಎತ್ತು ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೂ ಸಾಕ್ಷಿ ನಮ್ಮೂರ ಪಕ್ಕದಲ್ಲೇ ಇದೆ. 1791ರ ಮೇ 15ರಂದು ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಹತ್ತಿರ ಲಾರ್ಡ್ ಕಾರ್ನ್‌ವಾಲಿಸ್ ಯುದ್ಧ ಗೆದ್ದ. ಕೋಟೆ ಕಣ್ಣೆದುರಿಗೆ ಕಾಣ್ತಿತ್ತು. ಆದರೆ ಮುತ್ತಿಗೆ ಹಾಕೋಕೆ ಆಗಲಿಲ್ಲ. ಮೇವಿಲ್ಲದೆ, ಕಾಯಿಲೆ ಬಂದು ಅವನ ಸೈನ್ಯದ ಎತ್ತುಗಳು ಸಾಯ್ತಿದ್ವು. ಎಳೆಯೋರಿಲ್ಲದ ದೊಡ್ಡ ಫಿರಂಗಿಗಳನ್ನ ತನ್ನ ಕೈಯಾರೆ ನಾಶ ಮಾಡಿ ಬೆಂಗಳೂರಿನ ಕಡೆಗೆ ಹಿಂದಿರುಗಿದ. ಯುದ್ಧ ಗೆದ್ದು ಎತ್ತಿನಿಂದ ಸೋತ ಅಂತ ನಾನು ಅನ್ನೋದು.

1799ರ ಮೇ 4ಕ್ಕೆ ಟಿಪ್ಪು ಬಿದ್ದ. ಆಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ಸಿಕ್ಕಿದ್ದು ಆರ್ಥರ್ ವೆಲ್ಲೆಸ್ಲಿಗೆ, ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು. ಅವನ ದಖನ್ ದಂಡಯಾತ್ರೆಗಳಿಗೆ ಮೈಸೂರಿನ ಎತ್ತುಗಳೇ ಬೆನ್ನೆಲುಬು. 1813ರಲ್ಲಿ ಮಂದೆಗಳು ಮದ್ರಾಸ್ ಸೈನ್ಯದ ಕಮಿಸರಿಯಟ್ ಅಧಿಕಾರಿಯೊಬ್ಬನ ಕೈಗೆ ಹೋದವು. 1860ರಲ್ಲಿ ಮದ್ರಾಸ್ ಗವರ್ನರ್ ಆಗಿದ್ದ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಉಳಿಸೋಕೆ ಅಂತ ಇಲಾಖೆಯನ್ನೇ ಮುಚ್ಚಿಸಿ ಮಂದೆ ಮಾರಿಸಿದ. ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ, ಅದೇ ದಶಕದಲ್ಲಿ ಮತ್ತೆ ತೆರೆಯಬೇಕಾಯಿತು. 1882ರಲ್ಲಿ ಮಂದೆ ಮೈಸೂರು ಸರ್ಕಾರಕ್ಕೆ ವಾಪಸ್ ಬಂತು. 1923ರಲ್ಲಿ ಸೈನ್ಯದಿಂದ ಕೃಷಿ ಇಲಾಖೆಗೆ. 1929ರಲ್ಲಿ ಅಜ್ಜಂಪುರದ ಕೇಂದ್ರ ಶುರುವಾಯಿತು, ಇವತ್ತಿಗೂ ಇದೆ.

ಈಗ ವಯಸ್ಸಿನ ವಿಷಯಕ್ಕೆ ಬರ್ತೀನಿ. ರೈಸ್ ಸಾಹೇಬರ ಗೆಜೆಟಿಯರ್‌ನಲ್ಲಿ ಅಮೃತ್ ಮಹಲ್ ಎತ್ತಿನ ಬದುಕನ್ನ ಲೆಕ್ಕದ ಪುಸ್ತಕದ ಥರ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: ಹನ್ನೆರಡರವರೆಗೆ ಪೂರ್ತಿ ಕಸುವು. ಹದಿನಾಲ್ಕು, ಹದಿನೈದರವರೆಗೆ ಕೆಲಸ ಮಾಡುತ್ತೆ. ಆಮೇಲೆ ಬೇಗ ಇಳಿಮುಖ. ಹದಿನೆಂಟರ ಸುಮಾರಿಗೆ ಸಾವು.

ನಾನು ಬಿ.ಕಾಂ ಓದಿದವನು. ಈ ಸಾಲು ಓದಿದಾಗ ನನಗೆ ಮೊದಲು ಕಂಡದ್ದು ಒಂದು ಖಾಲಿ ಜಾಗ. ಹದಿನೈದಕ್ಕೆ ಕೆಲಸ ಮುಗೀತು, ಹದಿನೆಂಟಕ್ಕೆ ಜೀವ ಹೋಯ್ತು. ನಡುವಿನ ಮೂರು ವರ್ಷ? ಆ ಮೂರು ವರ್ಷದ ಹುಲ್ಲು ಯಾರದ್ದು?

ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ನಮ್ಮದು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿ. 2003ರಲ್ಲಿ ನಮ್ಮ ತಾತ ಹೇಮಗಿರಿ ಜಾತ್ರೆಯಿಂದ ಒಂದು ಜೊತೆ ಹಳ್ಳಿಕಾರ್ ಹೋರಿ ತಂದರು. ನಾಲ್ಕು ಹಲ್ಲಿನವು, ಅಂದರೆ ಮೂರು ವರ್ಷ ಆಗಿರಬೇಕು. ನನಗಾಗ ಆರು ವರ್ಷ. ಒಂದಕ್ಕೆ ರಾಜ, ಇನ್ನೊಂದಕ್ಕೆ ಬಸವ ಅಂತ ಹೆಸರು. ಉಳುಮೆ, ಕಬ್ಬಿನ ಗಾಡಿ, ಗೊಬ್ಬರ, ಎಲ್ಲ ಅವೇ.

2015ರಲ್ಲಿ ನಾನು ಮೊದಲ ವರ್ಷದ ಬಿ.ಕಾಂ. ಕ್ಲಾಸಲ್ಲಿ ಡಿಪ್ರಿಸಿಯೇಷನ್, ಕನ್ನಡದಲ್ಲಿ ಸವಕಳಿ, ಪಾಠ ಆಗಿತ್ತು. ಆಸ್ತಿಯ ಬೆಲೆಯನ್ನ ಅದು ಬಾಳೋ ವರ್ಷಗಳಿಂದ ಭಾಗಿಸಿ ವರ್ಷ ವರ್ಷ ಕಳೀತಾ ಹೋಗೋದು. ಕೊನೆಗೆ ಉಳಿಯೋದು ಗುಜರಿ ಬೆಲೆ. ಆ ಹೊತ್ತಿಗೆ ಉಳುಮೆಗೆ ಟ್ರ್ಯಾಕ್ಟರ್ ಬಾಡಿಗೆಗೆ ಸಿಗ್ತಿತ್ತು. ಅಪ್ಪ "ಎತ್ತು ಇಟ್ಕಬೇಕಾ ಬ್ಯಾಡ್ವಾ" ಅಂತ ಯೋಚನೆ ಮಾಡ್ತಿದ್ರು. ನಾನು ನೋಟ್‌ಬುಕ್ಕಲ್ಲಿ ಗೆರೆ ಹಾಕಿ ಲೆಕ್ಕ ಬರೆದು ತೋರಿಸಿದೆ: ಹುಲ್ಲು ಇಷ್ಟು, ಹಿಂಡಿ ಬೂಸಾ ಇಷ್ಟು, ಆದಾಯ ಸೊನ್ನೆ. ಈಗ ಮಾರಿದ್ರೆ ಇಷ್ಟಾದ್ರೂ ಬರುತ್ತೆ. ಲೆಕ್ಕ ಸರಿಯಾಗಿತ್ತು. ಒಂದು ಪೈಸೆ ತಪ್ಪಿರಲಿಲ್ಲ.

ಅದೇ ವಾರ ವ್ಯಾಪಾರಿಯೊಬ್ಬ ಬಂದ. ರಾಜನ ಬಾಯಿ ತೆಗೆಸಿ ನೋಡಿದ. ಟವಲ್ ಕೆಳಗೆ ಅಪ್ಪನ ಬೆರಳು ಹಿಡಿದು ರೇಟು ಹೇಳಿದ. ರಾಜ ಟೆಂಪೋ ಹತ್ತಿ ಹೋದ. ಬಸವನ ಹಗ್ಗ ಮಾತ್ರ ತಾತ ಬಿಡಲಿಲ್ಲ. "ಹನ್ನೆಲ್ಡು ವರ್ಸ ನಮ್ಮನ್ನ ಸಾಕವ್ನೆ ಕಣ್ಲಾ. ನಾವು ಎಲ್ಡು ವರ್ಸ ಸಾಕಕ್ಕಾಗಲ್ವಾ?" ಅಂದರು. ನನ್ನ ನೋಟ್‌ಬುಕ್ ಕಡೆ ನೋಡಲೂ ಇಲ್ಲ.

ಆಗ ಕಾನೂನು ಏನಿತ್ತು ಅನ್ನೋದನ್ನ ಈಗ ಓದಿಕೊಂಡಿದೀನಿ. ಕರ್ನಾಟಕದ 1964ರ ಕಾಯ್ದೆ ಹಸು, ಕರುವಿನ ವಧೆಯನ್ನ ನಿಷೇಧಿಸಿತ್ತು. ಎತ್ತು ಹನ್ನೆರಡು ವರ್ಷ ದಾಟಿದ್ದರೆ, ಅಥವಾ ಕೆಲಸಕ್ಕೆ ಬಾರದ ಹಾಗಾಗಿದ್ದರೆ, ಅಧಿಕಾರಿಯ ಸರ್ಟಿಫಿಕೇಟ್ ಮೇಲೆ ಕಡಿಯಬಹುದಿತ್ತು. ಹನ್ನೆರಡು! ಗೆಜೆಟಿಯರ್‌ನಲ್ಲಿ ಪೂರ್ತಿ ಕಸುವು ಮುಗಿಯೋ ವಯಸ್ಸೂ ಅದೇ. 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಎತ್ತಿಗೆ ಆ ವಯಸ್ಸಿನ ಗೆರೆಯೇ ಇಲ್ಲ. ಯಾವ ವಯಸ್ಸಿನ ಎತ್ತನ್ನೂ ಕಡಿಯುವಂತಿಲ್ಲ. ಹದಿಮೂರು ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ.

ಇದು ಸರಿ, ಅದು ತಪ್ಪು ಅಂತ ವಾದ ಮಾಡೋಕೆ ನಾನಿಲ್ಲಿ ಕೂತಿಲ್ಲ. ಲೆಕ್ಕ ಮಾತ್ರ ಹೇಳ್ತೀನಿ. ಹಳೆಯ ಕಾಯ್ದೆ ಆ ಮೂರು ವರ್ಷವನ್ನ ಅಳಿಸಿಹಾಕೋಕೆ ಬಿಟ್ಟಿತ್ತು. ಹೊಸ ಕಾಯ್ದೆ ಆ ಮೂರು ವರ್ಷವನ್ನ ರೈತನ ಕೊಟ್ಟಿಗೆಗೆ ಕಟ್ಟಿತು. 2022ರಲ್ಲಿ ಸರ್ಕಾರ 'ಪುಣ್ಯಕೋಟಿ ದತ್ತು ಯೋಜನೆ' ತಂತು. ಗೋಶಾಲೆಯ ಒಂದು ರಾಸನ್ನ ವರ್ಷಕ್ಕೆ 11,000 ರೂಪಾಯಿ ಕೊಟ್ಟು ಯಾರು ಬೇಕಾದರೂ ದತ್ತು ತಗೋಬಹುದಿತ್ತು. ದಿನಕ್ಕೆ ಮೂವತ್ತು ರೂಪಾಯಿ ಆಯಿತು. ಮೂರು ವರ್ಷಕ್ಕೆ 33,000. ಈ ದುಡ್ಡು ಗೋಶಾಲೆ ಸೇರಿದ ರಾಸಿಗೆ. ಕೊಟ್ಟಿಗೆಯಲ್ಲೇ ಇಟ್ಕೊಂಡು ಸಾಕೋ ನಮ್ಮ ತಾತನಂಥವರ ಎತ್ತು ಈ ಲೆಕ್ಕದೊಳಗೆ ಬರಲ್ಲ.

ಬಸವನನ್ನ ತಾತ ಹೇಗೆ ನೋಡಿಕೊಂಡರು ಅಂತ ಹೇಳಬೇಕು. ಗೆಜೆಟಿಯರ್‌ನ ಆ ಸಾಲಿನಲ್ಲಿ ಅದಿಲ್ಲ. ಮೊದಲು ಕಾಲಿನ ಲಾಳ ತೆಗೆಸಿದರು. ಕೆಲಸ ಇಲ್ಲದೆ ಗೊರಸು ಸವೆಯಲ್ಲ, ಬೆಳೆದು ಮಡಚಿಕೊಳ್ಳುತ್ತೆ. ಹಾಗಾಗಿ ಆಗಾಗ ಕೊಯ್ಯಿಸಬೇಕು. ಹಲ್ಲು ಸವೆದಿದ್ದರಿಂದ ರಾಗಿ ಹುಲ್ಲನ್ನ ಉದ್ದಕ್ಕೆ ಹಾಕ್ತಿರಲಿಲ್ಲ, ಸಣ್ಣಗೆ ಕತ್ತರಿಸಿ ನೀರು ಚಿಮುಕಿಸಿ ಹಾಕ್ತಿದ್ರು. ಹುರುಳಿ ಬೇಯಿಸಿ ಕೊಡ್ತಿದ್ರು. ದಿನಾ ಸಂಜೆ ಹೊಳೆ ದಾರಿಯಲ್ಲಿ ಸ್ವಲ್ಪ ದೂರ ನಡೆಸ್ತಿದ್ರು. "ಮನಿಕಂಡ್ರೆ ಎದ್ದೇಳಕಿಲ್ಲ" ಅನ್ನೋ ಭಯ. ಕೊನೆಯ ಎರಡು ತಿಂಗಳು ಬಸವ ಏಳಲೇ ಇಲ್ಲ. ಮೈ ಹುಣ್ಣಾಗದಿರಲಿ ಅಂತ ಕೆಳಗೆ ದಪ್ಪಗೆ ಹುಲ್ಲು ಹಾಸಿ, ಬೆಳಗ್ಗೆ ಸಂಜೆ ನಾನು, ಅಪ್ಪ, ತಾತ ಸೇರಿ ಮಗ್ಗುಲು ಬದಲಾಯಿಸ್ತಿದ್ವಿ. ಅಷ್ಟು ಭಾರದ ಪ್ರಾಣಿ ಕತ್ತು ಎತ್ತಿ ನಮಗೆ ಸಹಾಯ ಮಾಡ್ತಿತ್ತು.

2018ರ ಶಿವರಾತ್ರಿಗೆ ಮುಂಚೆ ಬಸವ ಹೋದ. ಹದಿನೇಳು ತುಂಬಿತ್ತು, ಹದಿನೆಂಟಕ್ಕೆ ಬಿದ್ದಿತ್ತೋ ಏನೋ. ಹೊಲದ ಬದುವಿನ ಹೊಂಗೆ ಮರದ ಕೆಳಗೆ ಮಣ್ಣು ಮಾಡಿದೆವು.

ಈ ಸಂಚಿಕೆಗಾಗಿ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ದನಗಳ ಜಾತ್ರೆಗೆ ಹೋಗಿದ್ದೆ. ಅಲ್ಲಿನ ಮಾತು ಕೇಳಿ: ಹಾಲಲ್ಲು, ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯ್ಗೂಡಿದ್ದು. ಬಾಯಿ ಕೂಡೋದು ಅಂದರೆ ಎಂಟು ಹಲ್ಲೂ ಬಂದವು, ಸುಮಾರು ಐದು ವರ್ಷ. ಅಲ್ಲಿಗೆ ಹಲ್ಲಿನ ಎಣಿಕೆ ಮುಗೀತು. ಆಮೇಲಿನ ಹತ್ತು ಹನ್ನೆರಡು ವರ್ಷಕ್ಕೆ ಜಾತ್ರೆಯಲ್ಲಿ ಇರೋದು ಒಂದೇ ಪದ: ಮುದಿ.

ನಾಗಮಂಗಲ ಕಡೆ ನಮ್ಮ ಸೋದರಮಾವ ಈಗಲೂ ಒಂದು ಜೊತೆ ಹಳ್ಳಿಕಾರ್ ಸಾಕ್ತಾರೆ. ಉಳೋಕಲ್ಲ, ಓಟದ ಗಾಡಿಗೆ. ದಿನಾ ಮೊಟ್ಟೆ, ಬೆಣ್ಣೆ ತಿನ್ನಿಸ್ತಾರೆ. "ಮಾವ, ಓಡೋದು ನಿಂತ್ಮೇಲೆ ಏನ್ ಮಾಡ್ತೀರಾ?" ಅಂತ ಕೇಳಿದೆ. "ಅದು ಆಗ ನೋಡ್ಕಳವ ಬುಡು" ಅಂದರು. ಈ ತಳಿಗೆ ಅಂಚೆ ಇಲಾಖೆ 2000ರಲ್ಲಿ ಸ್ಟ್ಯಾಂಪ್ ಕೂಡ ತಂದಿದೆ. ಸ್ಟ್ಯಾಂಪಿಗೆ ಹಾಕೋದು ಕೊಂಬು ನಿಮಿರಿದ ಪ್ರಾಯದ ಎತ್ತನ್ನೇ. ಮಗ್ಗುಲು ಬದಲಾಯಿಸಬೇಕಾದ ಎತ್ತನ್ನಲ್ಲ.

ತಾತ ಈಗ ಇಲ್ಲ. ಹಳೆಯ ನೋಟ್‌ಬುಕ್ ಇದೆ. ಹೋದ ವಾರ ತೆಗೆದು ನೋಡಿದೆ. ಸವಕಳಿ ಲೆಕ್ಕದಲ್ಲಿ ನಾನು ರಾಜನ 'ಬಾಳಿಕೆ' ಹನ್ನೆರಡು ವರ್ಷ ಅಂತ ಬರೆದಿದ್ದೆ. ಕೆಲಸದ ವರ್ಷವನ್ನ ಬದುಕಿನ ವರ್ಷ ಅಂದುಕೊಂಡಿದ್ದೆ. ಟ್ರೆವೆಲ್ಯನ್ 1860ರಲ್ಲಿ ಖರ್ಚಿನ ಕಾಲಂ ಒಂದನ್ನೇ ನೋಡಿ ಮಂದೆ ಮಾರಿಸಿದ. ನಾನೂ ಅದನ್ನೇ ಮಾಡಿದ್ದು. ಅವನಿಗೆ ಹೊಸ ಎತ್ತು ಹುಟ್ಟಿಸಿ ತಪ್ಪು ತಿದ್ದಿಕೊಳ್ಳೋಕೆ ಅವಕಾಶ ಸಿಕ್ಕಿತು. ರಾಜ ಎಲ್ಲಿಗೆ ಹೋದ ಅಂತ ನಾನು ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ.

ಬೆಂಗಳೂರಿನ ಗೆಳೆಯನಿಗೆ ಉತ್ತರ ಕಳಿಸಿದೀನಿ. "ಹದಿನೈದು ವರ್ಷ ಅಂತ ಇಟ್ಕೊ. ಮೊದಲ ಹತ್ತು ವರ್ಷದ ಖರ್ಚು ಬರೀಬೇಡ, ಕೊನೆಯ ಐದು ವರ್ಷದ್ದು ಮೊದಲು ಬರಿ. ಕಣ್ಣು ಮಂಜಾದಾಗ, ಹಲ್ಲು ಉದುರಿದಾಗ ಮನೇಲಿ ಯಾರಿರ್ತಾರೆ ಅಂತ ಬರಿ. ಆ ಲೆಕ್ಕ ಒಪ್ಪಿಗೆ ಆದ್ರೆ ಬೆಕ್ಕು ತರಿಸು." ಇನ್ನೂ ಉತ್ತರ ಬಂದಿಲ್ಲ.

ನಿಮ್ಮ ಮನೆಯಲ್ಲಿ ಕೆಲಸ ನಿಲ್ಲಿಸಿದ ಎತ್ತು ಇದ್ದರೆ ಅದರ ಹೆಸರು, ಅಂದಾಜು ವಯಸ್ಸು, ಏನು ತಿನ್ನಿಸ್ತೀರಿ, ದಿನಕ್ಕೆ ಎಷ್ಟು ಖರ್ಚು ಅಂತ ಧ್ವನಿ ಸಂದೇಶ ಕಳಿಸಿ. ಬಂದಷ್ಟನ್ನ ಸೇರಿಸಿ ಒಂದು ಸಂಚಿಕೆ ಮಾಡ್ತೀನಿ. ಹದಿನೈದರಿಂದ ಹದಿನೆಂಟರವರೆಗಿನ ಪುಟ ಖಾಲಿ ಇದೆ. ಅದನ್ನ ತುಂಬೋಕೆ ಗೊತ್ತಿರೋದು ಸಾಕಿದವರಿಗೆ ಮಾತ್ರ.