ಎದುರಾಳಿಗೆ ಹೊಲಿದ ಚಪ್ಪಲಿ

ನಮ್ಮ ರಾಜಕೀಯದಲ್ಲಿ ಚಪ್ಪಲಿಗೆ ಇರುವುದು ಒಂದೇ ಅರ್ಥ. ವಿರೋಧಿಯ ಪ್ರತಿಕೃತಿಗೆ ಅದರ ಹಾರ ಹಾಕುತ್ತೇವೆ, ಸಿಟ್ಟು ನೆತ್ತಿಗೇರಿದರೆ ವೇದಿಕೆಯತ್ತ ಎಸೆಯುತ್ತೇವೆ. ಭಿನ್ನಾಭಿಪ್ರಾಯ ಹೊಂದಿದವನು ಇಂದು ವಿರೋಧಿ, ನಾಳೆ ಶತ್ರು, ನಾಡಿದ್ದು ದೇಶದ್ರೋಹಿ ಇಲ್ಲವೇ ಸಮುದಾಯದ್ರೋಹಿ. ವಿರೋಧಿಯೊಡನೆ ಯಾರಾದರೂ ಸೌಜನ್ಯದಿಂದ ಮಾತನಾಡಿದರೆ, ಒಳಗೊಳಗೇ ರಾಜಿಯಾಗಿದ್ದಾನೆಂದು ಅವನನ್ನೂ ಅನುಮಾನಿಸುತ್ತೇವೆ. ಇಂತಹ ಕಾಲದಲ್ಲಿ, ತನ್ನನ್ನು ಸೆರೆಗೆ ತಳ್ಳಿದ ಅಧಿಕಾರಸ್ಥನಿಗಾಗಿ ಸೆರೆಯಲ್ಲೇ ಕುಳಿತು ಚಪ್ಪಲಿ ತಯಾರಿಸಿದ ಕೈದಿಯೊಬ್ಬನ ಇತಿಹಾಸವನ್ನು ನಾವು ಮತ್ತೆ ಓದಬೇಕಾಗಿದೆ.

ಆ ಕೈದಿ ಮೋಹನದಾಸ ಕರಮಚಂದ ಗಾಂಧಿ. ಅಧಿಕಾರಸ್ಥ, ದಕ್ಷಿಣ ಆಫ್ರಿಕದ ಜನರಲ್ ಯಾನ್ ಸ್ಮಟ್ಸ್. ಇಬ್ಬರ ವಯಸ್ಸಿನ ಅಂತರ ಒಂದು ವರ್ಷಕ್ಕೂ ಕಡಿಮೆ. ಇಬ್ಬರೂ ಇಂಗ್ಲೆಂಡಿನಲ್ಲಿ ಕಾನೂನು ಓದಿದವರು. 1899ರಲ್ಲಿ ಆರಂಭವಾದ ಬೋಯರ್ ಯುದ್ಧದಲ್ಲಿ ಸ್ಮಟ್ಸ್ ಬ್ರಿಟಿಷರ ವಿರುದ್ಧ ಹೋರಾಡಿದರೆ, ಗಾಂಧೀಜಿ ಬ್ರಿಟಿಷರ ಪರವಾಗಿ ಗಾಯಾಳುಗಳನ್ನು ಹೊರುವ ಭಾರತೀಯರ ತಂಡ ಕಟ್ಟಿದ್ದರು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಇವರಿಬ್ಬರೂ ಮುಖಾಮುಖಿಯಾದರು.

ಹತ್ತು ಬೆರಳುಗಳ ಗುರುತು

1906ರಲ್ಲಿ ಟ್ರಾನ್ಸ್‌ವಾಲ್ ಸರಕಾರ ಒಂದು ಶಾಸನದ ಕರಡನ್ನು ಹೊರತಂದಿತು. ಅದರಂತೆ ಎಂಟು ವರ್ಷ ತುಂಬಿದ ಪ್ರತಿಯೊಬ್ಬ ಭಾರತೀಯನೂ ಹೆಸರು ನೋಂದಾಯಿಸಬೇಕು, ಹತ್ತೂ ಬೆರಳುಗಳ ಗುರುತು ಕೊಡಬೇಕು, ಪೊಲೀಸರು ಕೇಳಿದಾಗಲೆಲ್ಲ ಪ್ರಮಾಣಪತ್ರ ತೋರಿಸಬೇಕು. ಅಪರಾಧಿಗಳಿಗೆ ಸಲ್ಲುವ ನಡವಳಿಕೆ ಇಡೀ ಸಮುದಾಯದ ಪಾಲಿಗೆ ಬಂತು. ಆ ವರ್ಷ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರಿನಲ್ಲಿ ಸುಮಾರು 3000 ಭಾರತೀಯರು ಸೇರಿದರು. ಈ ಕಾನೂನಿಗೆ ತಲೆಬಾಗುವುದಿಲ್ಲವೆಂದು ದೇವರನ್ನು ಸಾಕ್ಷಿಯಾಗಿಟ್ಟು ಪ್ರತಿಜ್ಞೆ ಮಾಡೋಣ ಎಂದು ಆ ಸಭೆಗೆ ಸೂಚಿಸಿದವರು ಹಾಜಿ ಹಬೀಬ್ ಎಂಬ ಹಿರಿಯ ವ್ಯಾಪಾರಿ. ಮುಂದೆ ಸತ್ಯಾಗ್ರಹವೆಂದು ಹೆಸರಾದ ಹೋರಾಟದ ಬೇರು ಈ ಸಭೆಯಲ್ಲಿದೆ.

ಮರುವರ್ಷ ಶಾಸನ ಜಾರಿಗೆ ಬಂದಾಗ ಸ್ಮಟ್ಸ್ ಆ ವಸಾಹತಿನ ಕಾರ್ಯದರ್ಶಿ ಸ್ಥಾನದಲ್ಲಿದ್ದರು. ಹೆಚ್ಚಿನ ಭಾರತೀಯರು ನೋಂದಣಿ ಕಚೇರಿಯ ಕಡೆ ತಲೆ ಹಾಕಲಿಲ್ಲ. 1908ರ ಜನವರಿಯಲ್ಲಿ ಗಾಂಧೀಜಿಗೆ ಎರಡು ತಿಂಗಳ ಸಜೆಯಾಯಿತು. ಅದೇ ತಿಂಗಳ ಕೊನೆಯಲ್ಲಿ ಕೈದಿಯನ್ನು ಪ್ರಿಟೋರಿಯಾಕ್ಕೆ ಕರೆಸಿ ಸ್ಮಟ್ಸ್ ಮಾತುಕತೆ ನಡೆಸಿದರು. ಭಾರತೀಯರು ಸ್ವಇಚ್ಛೆಯಿಂದ ನೋಂದಾಯಿಸಿಕೊಂಡರೆ ಶಾಸನವನ್ನು ರದ್ದುಪಡಿಸಲಾಗುವುದು ಎಂದು ಗಾಂಧೀಜಿ ಆ ಮಾತುಕತೆಯಿಂದ ಅರ್ಥ ಮಾಡಿಕೊಂಡರು. ಬಿಡುಗಡೆಯಾಗಿ ಬಂದು ಎಲ್ಲರಿಗಿಂತ ಮೊದಲು ತಾನೇ ನೋಂದಾಯಿಸುತ್ತೇನೆಂದು ಸಾರಿದರು.

ತನ್ನವರಿಂದಲೇ ಬಿದ್ದ ಪೆಟ್ಟು

ಎದುರಾಳಿಯನ್ನು ನಂಬಿದವನ ಮೇಲೆ ಮೊದಲ ಏಟು ಬೀಳುವುದು ತನ್ನ ಪಾಳೆಯದಿಂದಲೇ. ಗಾಂಧೀಜಿ ಹಣ ಪಡೆದು ಸಮುದಾಯವನ್ನು ಮಾರಿದ್ದಾರೆಂಬ ಮಾತು ಹಬ್ಬಿತು. ಫೆಬ್ರವರಿ 10ರಂದು ನೋಂದಣಿ ಕಚೇರಿಗೆ ಹೊರಟಿದ್ದ ಅವರ ಮೇಲೆ ಮೀರ್ ಆಲಂ ಎಂಬ ಪಠಾಣ ಮತ್ತು ಅವನ ಜೊತೆಗಾರರು ದೊಣ್ಣೆಗಳಿಂದ ಹಲ್ಲೆ ಮಾಡಿದರು. ಮೀರ್ ಆಲಂ ಹಾಸಿಗೆ ತಯಾರಿಸಿ ಮಾರುತ್ತಿದ್ದವನು, ಗಾಂಧೀಜಿಯ ಹಳೆಯ ಕಕ್ಷಿಗಾರ. ಪ್ರಜ್ಞೆ ಬಂದೊಡನೆ ಗಾಂಧೀಜಿ ಕೇಳಿದ್ದು ಮೀರ್ ಆಲಂ ಎಲ್ಲಿ ಎಂದು. ಬಂಧನದಲ್ಲಿದ್ದಾನೆಂದು ತಿಳಿದಾಗ, ಅವನು ತನಗೆ ಸರಿ ಕಂಡದ್ದನ್ನು ಮಾಡಿದ್ದಾನೆ, ಮೊಕದ್ದಮೆ ಬೇಡ ಎಂದು ಸರಕಾರದ ವಕೀಲರಿಗೆ ಸಂದೇಶ ಕಳಿಸಿದರು. ಆದರೆ ಬಿಳಿಯ ನಾಗರಿಕರ ಒತ್ತಾಯದಿಂದ ಪ್ರಕರಣ ನಡೆದು ಮೀರ್ ಆಲಂಗೆ ಶಿಕ್ಷೆಯಾಯಿತು.

ಪಾದ್ರಿ ಜೋಸೆಫ್ ಡೋಕ್ ಅವರ ಮನೆಯಲ್ಲಿ, ತುಟಿಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಗಾಂಧೀಜಿ ಇನ್ನೊಂದು ಕೆಲಸವನ್ನೂ ಮಾಡಿದರು. ಹೊಡೆದವರು ಮುಸ್ಲಿಮರೆಂಬ ಕಾರಣಕ್ಕೆ ಹಿಂದೂಗಳು ಯಾರ ಮೇಲೂ ದ್ವೇಷ ಸಾಧಿಸಕೂಡದು, ಈ ರಕ್ತ ಎರಡೂ ಸಮುದಾಯಗಳನ್ನು ಬೆಸೆಯಲಿ ಎಂಬ ಅರ್ಥದ ಪತ್ರಿಕಾ ಹೇಳಿಕೆ ಬರೆಸಿದರು. ಒಬ್ಬನ ತಪ್ಪಿಗೆ ಅವನ ಇಡೀ ಜನಾಂಗವನ್ನು ಕಟಕಟೆಗೆ ತರುವ ನಮ್ಮ ದಿನಗಳಲ್ಲಿ ಈ ಹೇಳಿಕೆಯನ್ನು ನಿಧಾನವಾಗಿ ಓದಬೇಕು.

ಸ್ಮಟ್ಸ್ ಶಾಸನವನ್ನು ರದ್ದುಪಡಿಸಲಿಲ್ಲ. ಹೋರಾಟ ಮತ್ತೆ ಶುರುವಾಯಿತು. 1908ರ ಆಗಸ್ಟ್ 16ರಂದು ಜೊಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಅಂಗಳದಲ್ಲಿ ದೊಡ್ಡ ಕಬ್ಬಿಣದ ಕಡಾಯಿಯೊಂದರಲ್ಲಿ ಸುಮಾರು ಎರಡು ಸಾವಿರ ಪ್ರಮಾಣಪತ್ರಗಳು ಸುಟ್ಟು ಬೂದಿಯಾದವು. ಆ ಸಭೆಗೆ ಮೀರ್ ಆಲಂ ಬಂದ. ಹೊಡೆದದ್ದು ತಪ್ಪಾಯಿತೆಂದು ಒಪ್ಪಿಕೊಂಡು ತನ್ನ ಪ್ರಮಾಣಪತ್ರವನ್ನೂ ಸುಡಲು ಕೊಟ್ಟ. ಗಾಂಧೀಜಿ ಅವನ ಕೈ ಹಿಡಿದು, ತನ್ನ ಮನಸ್ಸಿನಲ್ಲಿ ಎಂದೂ ಸಿಟ್ಟಿರಲಿಲ್ಲ ಎಂದರು. ಆರು ತಿಂಗಳ ಹಿಂದೆ ಅವನನ್ನು ದ್ರೋಹಿ ಎಂದು ಸಾರಿಬಿಟ್ಟಿದ್ದರೆ ಆ ದಿನ ಅವನು ಮಸೀದಿಯ ಅಂಗಳಕ್ಕೆ ಯಾವ ಮುಖ ಹೊತ್ತು ಬರಬಹುದಿತ್ತು? ಎದುರಾಳಿಗೆ ಮರಳಿ ಬರಲು ಒಂದು ದಾರಿಯನ್ನು ತೆರೆದಿಡುವುದೂ ಸೌಜನ್ಯದ ಕೆಲಸವೇ.

ಮಾತು ಮುರಿದ ಸ್ಮಟ್ಸ್ ಬಗ್ಗೆಯೂ ಗಾಂಧೀಜಿ ಇದೇ ಎಚ್ಚರ ವಹಿಸಿದರು. ವರ್ಷಗಳ ನಂತರ ಈ ಹೋರಾಟದ ಇತಿಹಾಸ ಬರೆದಾಗ ಸ್ಮಟ್ಸ್‌ರ ವಚನಭಂಗವನ್ನು ಕುರಿತ ಅಧ್ಯಾಯದ ಶೀರ್ಷಿಕೆಗೆ ಅವರು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಸೇರಿಸಿದರು. ವಚನ ಮುರಿದದ್ದು ಉದ್ದೇಶಪೂರ್ವಕವೇ ಎಂಬುದು ತನಗೆ ಖಚಿತವಿಲ್ಲ ಎಂಬುದು ಅದರ ತಾತ್ಪರ್ಯ. ವಿರೋಧಿಯ ಮನಸ್ಸಿನೊಳಗೆ ಹೊಕ್ಕು ತೀರ್ಪು ಕೊಡಲು ನಮಗೆ ಎಷ್ಟು ಅವಸರ! ಅಂತಹ ಒಂದು ಪ್ರಶ್ನೆ ಚಿಹ್ನೆಯನ್ನು ನಮ್ಮ ಭಾಷಣಗಳಲ್ಲಿ, ಲೇಖನಗಳಲ್ಲಿ ಎಲ್ಲಾದರೂ ಕಾಣುತ್ತೇವೆಯೇ?

ಸಂಕಟದ ಲಾಭ ಪಡೆಯದವರು

1913ರ ಮಾರ್ಚ್‌ನಲ್ಲಿ, ಬಾಯಿ ಮರಿಯಂ ಎಂಬ ಮುಸ್ಲಿಮ್ ಮಹಿಳೆಯ ಪ್ರಕರಣದಲ್ಲಿ ಕೇಪ್ ನ್ಯಾಯಾಲಯದ ನ್ಯಾಯಮೂರ್ತಿ ಸರ್ಲ್ ನೀಡಿದ ತೀರ್ಪು ಭಾರತೀಯರ ಮನೆಗಳನ್ನೇ ಅಲ್ಲಾಡಿಸಿತು. ಕ್ರೈಸ್ತ ವಿಧಿಯಂತೆ ನಡೆಯದ, ಸರಕಾರದಲ್ಲಿ ನೋಂದಣಿಯೂ ಆಗದ ವಿವಾಹಗಳಿಗೆ ಕಾನೂನಿನ ಮಾನ್ಯತೆ ಇಲ್ಲವಾಯಿತು. ಇದರ ಜೊತೆಗೆ, ಕರಾರಿನ ಅವಧಿ ಮುಗಿಸಿದ ಕೂಲಿಗಳ ಮೇಲೆ ನಟಾಲ್‌ನಲ್ಲಿ ಮೂರು ಪೌಂಡಿನ ತಲೆಗಂದಾಯವಿತ್ತು. ಹೆಂಗಸರು ಬೀದಿಗಿಳಿದರು, ಗಣಿ ಕಾರ್ಮಿಕರು ಕೆಲಸ ಬಿಟ್ಟರು. ನವೆಂಬರ್ 6ರಂದು ಎರಡು ಸಾವಿರಕ್ಕೂ ಹೆಚ್ಚು ಜನ ಗಡಿ ದಾಟಿ ಟ್ರಾನ್ಸ್‌ವಾಲ್‌ಗೆ ನಡೆದರು. ಪೊಲೀಸರ ಗುಂಡಿಗೆ ಕೆಲವರು ಬಲಿಯಾದರು. ಸೆರೆಮನೆಯಲ್ಲಿ ಕಾಯಿಲೆ ಹಿಡಿದ ವಳ್ಳಿಯಮ್ಮ ಎಂಬ ಹದಿಹರೆಯದ ಹುಡುಗಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಸೌಜನ್ಯದ ಮಾತು ಈ ನೋವಿನ ನಡುವೆಯೇ ನಡೆಯುತ್ತಿತ್ತು ಎಂಬುದನ್ನು ಮರೆಯಬಾರದು.

1914ರ ಜನವರಿಯಲ್ಲಿ ಬಿಳಿಯ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು. ಸ್ಮಟ್ಸ್ ಸೇನಾ ಕಾನೂನು ಹೇರಬೇಕಾಯಿತು. ಭಾರತೀಯರೂ ಮತ್ತೊಂದು ಮೆರವಣಿಗೆಗೆ ಸಿದ್ಧರಾಗಿದ್ದ ಸಮಯವದು. ಸರಕಾರದ ಕುತ್ತಿಗೆ ಹಿಸುಕಲು ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಗಾಂಧೀಜಿ ಮೆರವಣಿಗೆಯನ್ನು ಮುಂದೂಡಿದರು. ನಮ್ಮ ಜಗಳ ಬೇರೆ, ಅದರ ದಾರಿಯೂ ಬೇರೆ, ಎದುರಾಳಿ ಇನ್ನೊಂದು ಸಂಕಟದಲ್ಲಿರುವಾಗ ಅದರ ಲಾಭ ಪಡೆಯುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ನೀವು ಹಿಂಸೆಗಿಳಿದಿದ್ದರೆ ನಿಮ್ಮನ್ನು ಎದುರಿಸುವುದು ಸುಲಭವಿತ್ತು, ಕಷ್ಟಕಾಲದಲ್ಲಿ ನೆರವಾಗುವವರ ಮೇಲೆ ಕೈ ಎತ್ತುವುದು ಹೇಗೆ ಎಂದು ಸ್ಮಟ್ಸ್ ಅವರ ಕಾರ್ಯದರ್ಶಿಯೊಬ್ಬರು ನಗುತ್ತಾ ಹೇಳಿದ್ದನ್ನು ಗಾಂಧೀಜಿ ದಾಖಲಿಸಿದ್ದಾರೆ.

ಆ ವರ್ಷದ ಜೂನ್ ಅಂತ್ಯದಲ್ಲಿ ಒಪ್ಪಂದವಾಯಿತು. ತಲೆಗಂದಾಯ ರದ್ದಾಯಿತು, ಭಾರತೀಯ ಧರ್ಮಗಳ ವಿಧಿಯಂತೆ ನಡೆದ ಏಕಪತ್ನಿ ವಿವಾಹಗಳಿಗೆ ಮಾನ್ಯತೆ ಸಿಕ್ಕಿತು. ಜುಲೈ 18ರಂದು ಗಾಂಧೀಜಿ ದಕ್ಷಿಣ ಆಫ್ರಿಕ ಬಿಟ್ಟರು. ಸ್ಮಟ್ಸ್‌ಗೆ ಅವರು ಕೊಟ್ಟ ಕಾಣಿಕೆ, ಸೆರೆಮನೆಯಲ್ಲಿ ತಮ್ಮ ಕೈಯಾರೆ ತಯಾರಿಸಿದ ಒಂದು ಜೊತೆ ಚಪ್ಪಲಿ. ಈ ಸಂತ ತಮ್ಮ ದೇಶ ಬಿಟ್ಟು ಹೋದದ್ದೇ ಒಳ್ಳೆಯದಾಯಿತು, ಇನ್ನು ಬಾರದಿರಲಿ ಎಂದು ಸ್ಮಟ್ಸ್ ಆಗ ಮಿತ್ರರೊಬ್ಬರಿಗೆ ಬರೆದರು. 1939ರಲ್ಲಿ ಗಾಂಧೀಜಿಯವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕಾಗಿ ಡಾ. ರಾಧಾಕೃಷ್ಣನ್ ಸಂಪಾದಿಸಿದ ಗ್ರಂಥಕ್ಕೆ ಅದೇ ಸ್ಮಟ್ಸ್ ಲೇಖನ ಕೊಟ್ಟರು. ಆ ಚಪ್ಪಲಿಗಳನ್ನು ಹಲವು ಬೇಸಿಗೆಗಳಲ್ಲಿ ಮೆಟ್ಟಿದ್ದೇನೆ, ಆದರೆ ಅವುಗಳಲ್ಲಿ ಕಾಲಿಡುವ ಯೋಗ್ಯತೆ ನನಗಿಲ್ಲವೆನಿಸುತ್ತದೆ ಎಂಬ ಭಾವವನ್ನು ಅದರಲ್ಲಿ ವ್ಯಕ್ತಪಡಿಸಿದರು.

ಸೌಜನ್ಯ ಏನನ್ನು ಸಾಧಿಸುತ್ತದೆ?

ಇಲ್ಲಿಗೆ ನಿಲ್ಲಿಸಿದರೆ ಇದು ಮಕ್ಕಳಿಗೆ ಹೇಳುವ ಸುಂದರ ಕತೆಯಾದೀತು. ಇತಿಹಾಸ ಅಷ್ಟು ಸರಳವಲ್ಲ. 1914ರ ಒಪ್ಪಂದ ಹಲವು ಬೇಡಿಕೆಗಳನ್ನು ಹಾಗೆಯೇ ಬಿಟ್ಟಿತು. ಒಂದೇ ವಿವಾಹಕ್ಕೆ ಮಾನ್ಯತೆ ಸಿಕ್ಕಿದ್ದರಿಂದ ಅನೇಕ ಮುಸ್ಲಿಮರು ಅಸಮಾಧಾನಗೊಂಡಿದ್ದರು. 1913ರಲ್ಲೇ ಬಂದ ಭೂ ಕಾಯ್ದೆ ಆಫ್ರಿಕದ ಮೂಲ ನಿವಾಸಿಗಳ ಕಾಲಡಿಯ ನೆಲವನ್ನೇ ಕಸಿದುಕೊಂಡಿತು. ಆದರೆ ಭಾರತೀಯರ ಹೋರಾಟದಲ್ಲಿ ಅವರಿಗೆ ಜಾಗವಿರಲಿಲ್ಲ. ಆಫ್ರಿಕನ್ನರ ಬಗ್ಗೆ ಗಾಂಧೀಜಿಯ ಆರಂಭದ ಬರಹಗಳಲ್ಲಿ ತಿರಸ್ಕಾರದ ಮಾತುಗಳಿವೆ ಎಂಬುದೂ ಸತ್ಯ. ಅಧಿಕಾರದಲ್ಲಿರುವ ಎದುರಾಳಿಗೆ ತೋರಿದ ಗೌರವ ಪಕ್ಕದಲ್ಲೇ ಇರುವ ದುರ್ಬಲನಿಗೂ ಸಲ್ಲಬೇಕು. ಈ ಅಳತೆಗೋಲಿನಿಂದ ನಾವು ಯಾರನ್ನೂ ಹೊರಗಿಡಬೇಕಾಗಿಲ್ಲ, ನಮ್ಮನ್ನಂತೂ ಇಡಲೇಬಾರದು.

ಚಪ್ಪಲಿ ಮೆಟ್ಟಿದ ಸ್ಮಟ್ಸ್ ಕೂಡ ಬದಲಾಗಲಿಲ್ಲ. 1946ರಲ್ಲಿ ಅವರು ಪ್ರಧಾನಿಯಾಗಿದ್ದಾಗಲೇ ಭಾರತೀಯರು ಎಲ್ಲಿ ಭೂಮಿ ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂಬುದಕ್ಕೆ ಬೇಲಿ ಹಾಕುವ ಕಾನೂನು ಬಂತು. ಡಾ. ಯೂಸುಫ್ ದಾದೂ ಮತ್ತು ಡಾ. ಮಾಂಟಿ ನಾಯ್ಕರ್ ಅವರ ನಾಯಕತ್ವದಲ್ಲಿ ಜನ ಮತ್ತೆ ಸೆರೆಗೆ ಹೋದರು. ಭಾರತ ಈ ದೂರನ್ನು ವಿಶ್ವಸಂಸ್ಥೆಗೆ ಒಯ್ದಿತು. ಭಾರತದ ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್ ಸ್ಮಟ್ಸ್ ಅವರ ಎದುರಿನಲ್ಲೇ ವರ್ಣಭೇದವನ್ನು ಖಂಡಿಸಿ ವಾದಿಸಿದರು. ಡಿಸೆಂಬರ್‌ನಲ್ಲಿ ಮಹಾಸಭೆ ಮೂರನೇ ಎರಡರಷ್ಟು ಬಹುಮತದಿಂದ ಭಾರತದ ಪರ ನಿಂತಿತು. ಗೆದ್ದ ಬಳಿಕ ಅವರು ನೇರವಾಗಿ ಸ್ಮಟ್ಸ್ ಬಳಿಗೆ ನಡೆದರು. ಗಾಂಧೀಜಿ ಬಯಸಿದ ಮಟ್ಟಕ್ಕಿಂತ ತಮ್ಮ ಮಾತು ಎಲ್ಲಾದರೂ ಕೆಳಗಿಳಿದಿದ್ದರೆ ಕ್ಷಮಿಸಬೇಕೆಂದು ಕೇಳಿದರು.

ಅವರು ತಮ್ಮ ವಾದಕ್ಕಾಗಿ ಕ್ಷಮೆ ಕೇಳಲಿಲ್ಲ, ದೂರನ್ನು ಹಿಂತೆಗೆಯಲೂ ಇಲ್ಲ. ಸೌಜನ್ಯವೆಂದರೆ ಬೇಡಿಕೆಯನ್ನು ಸಡಿಲಿಸುವುದು ಎಂದು ತಿಳಿದವರು ಈ ವ್ಯತ್ಯಾಸವನ್ನು ಗಮನಿಸಬೇಕು. ಸುಟ್ಟದ್ದು ಪ್ರಮಾಣಪತ್ರಗಳನ್ನು, ಅದನ್ನು ಹೊರಡಿಸಿದವರ ಮನೆಯನ್ನಲ್ಲ. ಎದುರಾಳಿ ಬದಲಾಗಲಿ ಎಂಬ ಲೆಕ್ಕಾಚಾರದಿಂದ ತೋರುವ ಗೌರವ, ಅವನು ಬದಲಾಗದಿದ್ದ ದಿನವೇ ಮುಗಿದುಹೋಗುತ್ತದೆ. ನಾವು ಅವನಂತೆ ಆಗದಿರಲಿ ಎಂದು ತೋರುವ ಗೌರವ ಮಾತ್ರ ಸೋಲಿನಲ್ಲೂ ಗೆಲುವಿನಲ್ಲೂ ನಿಲ್ಲುತ್ತದೆ. ಚುನಾವಣೆಗಳು ಬರುತ್ತವೆ, ಹೋಗುತ್ತವೆ. ಮರುದಿನ ಅದೇ ಬೀದಿಯಲ್ಲಿ ಅದೇ ನೆರೆಯವರೊಡನೆ ನಾವು ಬದುಕಬೇಕಾಗಿದೆ. ಅವರ ಮುಖ ನೋಡಿ ಮಾತನಾಡಲು ಸಾಧ್ಯವಾಗುವಂತೆ ಇಂದು ಜಗಳವಾಡುವುದನ್ನು ನಾವು ಕಲಿಯಬೇಡವೇ?